ಮ್ಯಾಫ್ ಸೆನ್ಸರ್ ಲಾಗ್ ತೆಗೆಯೋದು ಹೇಗೆ, ಟೇಬಲ್ ಮುಟ್ಟೋಕೆ ಮುಂಚೆ ಇದನ್ನ ಓದ್ಕೊಳಿ

ಗಾಡಿ ಟ್ಯೂನಿಂಗ್ ಹುಚ್ಚು ಹಿಡಿದ ಹೊಸದ್ರಲ್ಲಿ ಎಲ್ರೂ ಮಾಡೋ ಕೆಲಸ ಒಂದೇ. ಲ್ಯಾಪ್‌ಟಾಪ್ ಸಿಕ್ಕಿಸಿ ಸಾಫ್ಟ್‌ವೇರಲ್ಲಿ ಕಾಣೋ ಮೂವತ್ತು ನಲವತ್ತು ಚಾನೆಲ್ಲಿಗೂ (ಒಂದೊಂದು ರೀಡಿಂಗಿಗೆ ಒಂದೊಂದು ಚಾನೆಲ್) ಟಿಕ್ ಹಾಕಿ, ಒಂದು ರೌಂಡ್ ಓಡಿಸ್ಕೊಂಡು ಬಂದು, ಆ ದೊಡ್ಡ ಲಾಗ್, ಅಂದ್ರೆ ಕ್ಷಣಕ್ಷಣದ ರೀಡಿಂಗ್ ಸಾಲುಸಾಲಾಗಿ ಬರೆದಿಟ್ಟ ಫೈಲ್, ತೆರ್ಕೊಂಡು ಬೆಪ್ಪಾಗಿ ಕೂರೋದು. ನಾನೂ ಅದನ್ನೇ ಮಾಡಿದ್ದು, ತಿಂಗಳುಗಟ್ಲೆ. ಆಮೇಲೆ ಗೊತ್ತಾಗಿದ್ದೇನಂದ್ರೆ ಮ್ಯಾಫ್ ಟೇಬಲ್ ತಿದ್ದೋದು ಹತ್ತು ನಿಮಿಷದ ಕೆಲಸ, ತಿದ್ದೋಕೆ ಲಾಯಕ್ಕಾದ ಲಾಗ್ ತೆಗೆಯೋದೇ ನಿಜವಾದ ಕೆಲಸ, ಅದ್ರಲ್ಲೂ ಲಾಗ್‌ನಲ್ಲಿ ಯಾವ ಸಾಲು ಬಿಸಾಕ್ಬೇಕು ಅನ್ನೋದು. ಹಾಗಾಗಿ ಇಲ್ಲಿ ಹೆಚ್ಚಿನ ಮಾತು ಅದ್ರ ಬಗ್ಗೇನೇ. ನಾನು ಹೇಳೋದು ಪೆಟ್ರೋಲ್ ಎಂಜಿನ್ನಿಗೆ, ಡೀಸೆಲ್ ಕಥೆ ಬೇರೆ.

ಗೊತ್ತಿಲ್ದೋರಿಗೆ ಎರಡು ಮಾತು. ಏರ್ ಫಿಲ್ಟರ್ ಡಬ್ಬ ದಾಟಿದ್ಮೇಲೆ, ಥ್ರಾಟಲ್ ಬಾಡಿಗೆ (ಆಕ್ಸಿಲರೇಟರ್ ತುಳಿದಾಗ ಗಾಳಿಗೆ ತೆರೆಯೋ ಬಾಗಿಲು) ಮುಂಚೆ, ಇನ್‌ಟೇಕ್ ಪೈಪಲ್ಲಿ ಕೂತಿರೋ ಚಿಕ್ಕ ಸೆನ್ಸರೇ ಮ್ಯಾಫ್, ಅಂದ್ರೆ ಮಾಸ್ ಏರ್ ಫ್ಲೋ ಸೆನ್ಸರ್. ಒಳಗೆ ಕರೆಂಟ್ ಹರಿಸಿ ಬಿಸಿ ಮಾಡಿದ ಒಂದು ತಂತಿ ಇಲ್ಲಾ ತೆಳ್ಳಗಿನ ಫಿಲ್ಮ್ ಇರತ್ತೆ, ಹಾದು ಹೋಗೋ ಗಾಳಿ ಅದನ್ನ ತಣ್ಣಗೆ ಮಾಡತ್ತೆ, ಮತ್ತೆ ಅದೇ ಬಿಸಿಗೆ ತರೋಕೆ ಎಷ್ಟು ಕರೆಂಟ್ ಬೇಕಾಯ್ತು ಅನ್ನೋದ್ರ ಮೇಲೆ ಎಷ್ಟು ಗ್ರಾಂ ಗಾಳಿ ಹೋಯ್ತು ಅಂತ ಲೆಕ್ಕ. ಗಾಳಿಯ ತೂಕಾನೇ ಅಳೆಯೋದ್ರಿಂದ ಬೆಟ್ಟದ ಮೇಲೆ ಹೋದ್ರೂ ಕೆಳಗೆ ಬಂದ್ರೂ ಬೇರೆ ಲೆಕ್ಕ ಬೇಕಾಗಲ್ಲ, ಅದು ಇದ್ರ ದೊಡ್ಡ ಗುಣ. ಹಳೇ ಗಾಡಿಗಳಲ್ಲಿ ಇದ್ರ ಬದ್ಲು ಗಾಳಿಗೆ ಬಾಗಿಲಿನ ಥರ ತೆರ್ಕೊಳೋ ಫ್ಲಾಪ್ ಮೀಟರ್ ಇರ್ತಿತ್ತು, ಬಾಷ್‌ನ 1974ರ ಎಲ್-ಜೆಟ್ರಾನಿಕ್ ಅಂಥದ್ದು. ಅದಕ್ಕೂ ಲಾಗ್ ತೆಗೀಬಹುದು, ಆದ್ರೆ ಕೆಳಗೆ ಹೇಳೋ ಎಷ್ಟೋ ವಿಷಯ ಅದಕ್ಕೆ ಹೊಂದಲ್ಲ.

ಸೆನ್ಸರ್ ಕಳ್ಸೋದು ಗ್ರಾಂ ಅಲ್ಲ, ವೋಲ್ಟೇಜು, ಇದು ತಲೇಲಿರ್ಲಿ. ಹೆಚ್ಚಿನವು 0ರಿಂದ 5 ವೋಲ್ಟ್ ಒಳಗೆ ಕೊಡ್ತವೆ, ಕೆಲವು ಫ್ರೀಕ್ವೆನ್ಸಿ ಕೊಡ್ತವೆ. ಈಸಿಯು, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರ್, ಅದ್ರೊಳಗೆ ಒಂದು ಟೇಬಲ್ ಇರತ್ತೆ, ಇಷ್ಟು ವೋಲ್ಟಿಗೆ ಇಷ್ಟು ಗ್ರಾಂ ಅಂತ. ಆ ಗ್ರಾಂ ನೋಡ್ಕೊಂಡೇ ಪೆಟ್ರೋಲ್ ಎಷ್ಟು ಹಾಕ್ಬೇಕು ಅಂತ ಈಸಿಯು ತೀರ್ಮಾನ ಮಾಡೋದು, ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಲೆಕ್ಕದಲ್ಲಿ. ಎಥನಾಲ್ ಬೆರೆಸಿದ ಪೆಟ್ರೋಲಾದ್ರೆ ಈ ಸಂಖ್ಯೆ ಇಳಿಯತ್ತೆ, 10 ಪರ್ಸೆಂಟ್ ಬೆರಕೆಗೆ ಸುಮಾರು 14.1. ಈ ತಲೆನೋವೇ ಬೇಡ ಅಂತ ನಾನು ಯಾವಾಗ್ಲೂ ಲ್ಯಾಂಬ್ಡಾದಲ್ಲೇ ನೋಡ್ತೀನಿ, ಅಂದ್ರೆ ಇರೋ ಗಾಳಿಯನ್ನ ಬೇಕಾದ ಗಾಳಿಯಿಂದ ಭಾಗಿಸಿದ ಸಂಖ್ಯೆ, ಯಾವ ಪೆಟ್ರೋಲಾದ್ರೂ ಸರಿಯಾದ ಮಿಶ್ರಣ ಅಂದ್ರೆ 1.00. ನೀವು ಫಿಲ್ಟರ್ ಡಬ್ಬ ಬದಲಾಯಿಸಿ ದಪ್ಪ ಪೈಪ್ ಹಾಕಿದ್ರಿ ಅನ್ಕೊಳಿ, ಅಷ್ಟೇ ಗಾಳಿ ಹೋದ್ರೂ ತಂತಿ ಹತ್ರ ವೇಗ ಕಮ್ಮಿ, ವೋಲ್ಟೇಜ್ ಕಮ್ಮಿ, ಟೇಬಲ್ ಸುಳ್ಳು ಹೇಳೋಕೆ ಶುರು. 70 ಎಂಎಂ ಪೈಪ್ ತೆಗ್ದು 80 ಎಂಎಂ ಹಾಕಿದ್ರೆ ಅಡ್ಡಕೊಯ್ತದ ವಿಸ್ತೀರ್ಣ 1.31 ಪಟ್ಟಾಗತ್ತೆ, ಅಂದ್ರೆ ಮೊದಲ ಅಂದಾಜಿಗೆ ಇಡೀ ಟೇಬಲ್‌ನ 1.31ರಿಂದ ಗುಣಿಸಿ ಶುರು ಮಾಡ್ಬೇಕು, ಆಮೇಲೆ ಲಾಗ್ ನೋಡಿ ಸಣ್ಣ ತಿದ್ದುಪಡಿ.

ಗಾಡಿಗೆ ಲ್ಯಾಪ್‌ಟಾಪ್ ಸಿಕ್ಕಿಸೋಕೆ ಮುಂಚೆ

ಬಾನೆಟ್ ತೆಗೀರಿ. ಮ್ಯಾಫ್‌ನಿಂದ ಥ್ರಾಟಲ್ ತನಕ ಇರೋ ಪ್ರತಿ ಹೋಸ್, ಪ್ರತಿ ಕ್ಲಾಂಪ್ ಕೈಯಲ್ಲಿ ಅಲ್ಲಾಡಿಸಿ ನೋಡಿ. ಇದನ್ನ ಯಾಕಿಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ ನಾನು ಇದ್ರಲ್ಲೇ ಮುಗ್ಗರಿಸಿದ್ದು. ನನ್ನ ಗಾಡಿ ಐಡಲ್‌ನಲ್ಲಿ ಫ್ಯೂಯಲ್ ಟ್ರಿಮ್ (ಆಕ್ಸಿಜನ್ ಸೆನ್ಸರ್ ನೋಡ್ಕೊಂಡು ಈಸಿಯು ಪೆಟ್ರೋಲನ್ನ ಎಷ್ಟು ಪರ್ಸೆಂಟ್ ಹೆಚ್ಚು ಕಮ್ಮಿ ಮಾಡ್ತಿದೆ ಅನ್ನೋದು) +18 ತೋರಿಸ್ತಿತ್ತು, 3000 ಆರ್‌ಪಿಎಂಗೆ ಹೋದ್ರೆ +3ಕ್ಕೆ ಇಳೀತಿತ್ತು. ನಾನು ಮಹಾ ಬುದ್ಧಿವಂತ, ಟೇಬಲ್‌ನ ಕೆಳಗಿನ ಭಾಗಾನ 18 ಪರ್ಸೆಂಟ್ ಏರಿಸಿ, ಟ್ರಿಮ್ ಸೊನ್ನೆ ಆಯ್ತು ಅಂತ ಬೀಗಿದೆ. ಎರಡು ವಾರ ಆದ್ಮೇಲೆ ಬೇರೆ ಕೆಲಸಕ್ಕೆ ಅಂತ ಹೋಸ್ ಬಿಚ್ಚಿದ್ರೆ ಒಂದು ಕ್ಲಾಂಪ್ ಅರ್ಧ ಜಾರಿ ಕೂತಿದೆ. ಸರಿಯಾಗಿ ಬಿಗಿ ಮಾಡಿ ಸ್ಟಾರ್ಟ್ ಮಾಡಿದ್ರೆ ಎಕ್ಸಾಸ್ಟ್‌ನಲ್ಲಿ ಪೆಟ್ರೋಲ್ ವಾಸನೆ, ಟ್ರಿಮ್ ಮೈನಸ್‌ಗೆ ಧುಮುಕಿ ಕೂತಿದೆ. ಮ್ಯಾಫ್ ದಾಟಿದ್ಮೇಲೆ ಕಳ್ಳತನದಲ್ಲಿ ಒಳಗೆ ಬರೋ ಗಾಳಿ ಐಡಲ್‌ನಲ್ಲಿ ಒಟ್ಟು ಗಾಳಿಯ ದೊಡ್ಡ ಪಾಲು, ಥ್ರಾಟಲ್ ತೆರೆದ್ರೆ ಚಿಕ್ಕ ಪಾಲು, ಅದಕ್ಕೇ ಆ ಆಕಾರ. ಐಡಲ್‌ನಲ್ಲಿ ಜಾಸ್ತಿ ಪ್ಲಸ್ ಇದ್ದು ಲೋಡ್ ಏರಿದ ಹಾಗೆ ಇಳಿದ್ರೆ ಮೊದಲು ಲೀಕ್ ಹುಡುಕಿ, ಟೇಬಲ್ ಮುಟ್ಬೇಡಿ. ಉಲ್ಟಾ, ಐಡಲ್‌ನಲ್ಲಿ ಸರಿ ಇದ್ದು ಲೋಡ್ ಏರಿದ ಹಾಗೆ ಪ್ಲಸ್ ಏರ್ತಾ ಹೋದ್ರೆ ತಂತಿ ಮೇಲೆ ಕೊಳೆ ಕೂತಿರಬಹುದು, ಇಲ್ಲಾ ಫ್ಯೂಯಲ್ ಪಂಪ್, ಫ್ಯೂಯಲ್ ಫಿಲ್ಟರ್ ಸುಸ್ತಾಗಿರಬಹುದು. ಪಂಪಿನ ತಪ್ಪನ್ನ ಮ್ಯಾಫ್ ಟೇಬಲ್‌ನಲ್ಲಿ ಮುಚ್ಚಿದ್ರೆ ಒಂದಿನ ಎಂಜಿನ್ ದಂಡ ಕಟ್ಟತ್ತೆ.

ಟರ್ಬೋ ಇದ್ರೆ ಇನ್ನೊಂದು ಗೋಜಲು. ಬೂಸ್ಟ್ (ಟರ್ಬೋ ಒತ್ತಿ ಕಳ್ಸೋ ಗಾಳಿ) ಪೈಪ್ ಲೀಕ್ ಆದ್ರೆ ಅಳೆದ ಗಾಳಿ ಹೊರಗೆ ಹೋಗತ್ತೆ, ಬೂಸ್ಟ್‌ನಲ್ಲಿ ರಿಚ್, ಅಂದ್ರೆ ಪೆಟ್ರೋಲ್ ಜಾಸ್ತಿ. ಅದೇ ತೂತು ಬೂಸ್ಟ್ ಇಲ್ಲದಾಗ ಒಳಗೆ ಎಳೀಬಹುದು, ಆಗ ಲೀನ್, ಅಂದ್ರೆ ಪೆಟ್ರೋಲ್ ಕಮ್ಮಿ. ಬ್ಲೋ ಆಫ್ ವಾಲ್ವ್ (ಥ್ರಾಟಲ್ ಮುಚ್ಚಿದಾಗ ಟರ್ಬೋದ ಹೆಚ್ಚಿನ ಒತ್ತಡ ಬಿಡೋದು) ಗಾಳಿಯನ್ನ ಹೊರಗೆ ಬಿಡೋ ಥರದ್ದಾದ್ರೆ ಪ್ರತಿ ಗೇರ್ ಬದಲಾವಣೆಗೂ ಒಂದು ಕ್ಷಣ ರಿಚ್ ಆಗೋದು ಸಹಜ, ಆ ಸಾಲುಗಳನ್ನ ಲೆಕ್ಕಕ್ಕೆ ತಗೋಬೇಡಿ.

ಸೆನ್ಸರ್ ಕ್ಲೀನ್ ಮಾಡ್ಬೇಕಾದ್ರೆ ಮ್ಯಾಫ್ ಕ್ಲೀನರ್ ಅಂತಾನೇ ಬರೋ ಸ್ಪ್ರೇ ಹಾಕಿ. ಬ್ರೇಕ್ ಕ್ಲೀನರ್, ಕಾರ್ಬ್ ಕ್ಲೀನರ್ ಬೇಡ, ಬೆರಳು, ಬಟ್ಟೆ, ಇಯರ್ ಬಡ್ ಯಾವ್ದೂ ತಂತಿಗೆ ತಾಗಿಸ್ಬೇಡಿ. ಪೂರ್ತಿ ಒಣಗಿದ್ಮೇಲೆ ಹಾಕಿ. ಎಣ್ಣೆ ಹಚ್ಚೋ ಥರದ ಏರ್ ಫಿಲ್ಟರ್ ಇರೋರು ಎಣ್ಣೆ ಜಾಸ್ತಿ ಸುರೀಬೇಡಿ, ಅದು ಹಾರಿ ತಂತಿ ಮೇಲೇ ಕೂರೋದು. ಕ್ಲೀನ್ ಮಾಡೋದು ಲಾಗ್‌ಗೆ ಮುಂಚೆ ಮಾಡಿ, ಮಧ್ಯದಲ್ಲಿ ಮಾಡಿದ್ರೆ ಹಿಂದಿನ ಲಾಗ್ ಎಲ್ಲಾ ಕಸದಬುಟ್ಟಿಗೆ.

ಯಾವ ದಾರೀಲಿ ಡೇಟಾ ತರೋದು

ಸುಲಭದ ದಾರಿ ಓಬಿಡಿ ಪೋರ್ಟ್, ಅಂದ್ರೆ ಈಸಿಯು ಜೊತೆ ಮಾತಾಡೋ ಸಾಕೆಟ್, ಸ್ಟೀರಿಂಗ್ ಕೆಳಗಿರೋ 16 ಪಿನ್ನಿನದು. ಇಎಲ್ಎಂ327 ಥರದ ಅಡಾಪ್ಟರ್ ಸಿಕ್ಕಿಸಿದ್ರೆ ಫೋನಲ್ಲೇ ಸಿಎಸ್‌ವಿ ಫೈಲ್ ಬರತ್ತೆ. ಮ್ಯಾಫ್‌ಗೆ ಸ್ಟ್ಯಾಂಡರ್ಡ್ ಪಿಐಡಿ (ಯಾವ ರೀಡಿಂಗ್ ಬೇಕು ಅಂತ ಕೇಳೋ ಸಂಖ್ಯೆ) ಹೆಕ್ಸ್‌ನಲ್ಲಿ 10. ಎರಡು ಬೈಟ್ ಬರತ್ತೆ, ಮೊದಲನೇದನ್ನ 256ರಿಂದ ಗುಣಿಸಿ ಎರಡನೇದನ್ನ ಕೂಡಿಸಿ 100ರಿಂದ ಭಾಗಿಸಿದ್ರೆ ಗ್ರಾಂ ಪರ್ ಸೆಕೆಂಡ್. ಉದಾಹರಣೆಗೆ 05 ಮತ್ತು ಎಫ್0 ಬಂತು ಅಂದ್ರೆ 5 ಸಲ 256 ಅಂದ್ರೆ 1280, ಜೊತೆಗೆ ಎಫ್0 ಅಂದ್ರೆ 240, ಒಟ್ಟು 1520, ಅಂದ್ರೆ 15.20 ಗ್ರಾಂ. ಈ ಲೆಕ್ಕದ ಗರಿಷ್ಠ 655.35, ಸಾಮಾನ್ಯ ಗಾಡಿಗೆ ಧಾರಾಳ ಆಯ್ತು.

ಈಗ ಈ ದಾರಿಯ ತೊಂದರೆ. ಅಡಾಪ್ಟರ್ ಒಂದೊಂದೇ ಪ್ರಶ್ನೆ ಕೇಳತ್ತೆ, ಈಸಿಯು ಒಂದೊಂದೇ ಉತ್ತರ ಕೊಡತ್ತೆ. ಕೆ-ಲೈನ್ ಅನ್ನೋ ನಿಧಾನದ ಸಂಪರ್ಕ ಇರೋ ಹಳೇ ಗಾಡಿಗಳಲ್ಲಿ ಸೆಕೆಂಡಿಗೆ ಕೆಲವೇ ಉತ್ತರ, ಐದು ಚಾನೆಲ್ ಹಾಕಿದ್ರೆ ಒಂದೊಂದು ಚಾನೆಲ್ಲಿಗೂ ಸೆಕೆಂಡಿಗೊಂದು ಸಲ ಸಿಕ್ಕಿದ್ರೆ ಪುಣ್ಯ. ಕ್ಯಾನ್ ಬಸ್ ಅನ್ನೋ ವೇಗದ ಸಂಪರ್ಕ ಇರೋ ಗಾಡಿಲಿ ಪರವಾಗಿಲ್ಲ, ಒಂದೇ ಪ್ರಶ್ನೇಲಿ ಆರು ಪಿಐಡಿ ತನಕ ಕೇಳಬಹುದು, ಸಾಫ್ಟ್‌ವೇರ್‌ನಲ್ಲಿ ಆ ಆಯ್ಕೆ ಇದ್ರೆ ಖಂಡಿತ ಆನ್ ಮಾಡ್ಕೊಳಿ. ಇನ್ನೊಂದು ಸೂಕ್ಷ್ಮ ಇದೆ, ಇದನ್ನ ಬಹಳ ಜನ ಗಮನಿಸಲ್ಲ. ಒಂದು ಸಾಲಲ್ಲಿ ಕಾಣೋ ಆರ್‌ಪಿಎಂ ಮತ್ತೆ ಮ್ಯಾಫ್ ಒಂದೇ ಕ್ಷಣದ್ದಲ್ಲ. ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಸೆಕೆಂಡಿಗೆ 650 ಆರ್‌ಪಿಎಂ ಏರ್ತಿದ್ದು, ಆರ್‌ಪಿಎಂ ಕೇಳಿ 0.2 ಸೆಕೆಂಡ್ ಆದ್ಮೇಲೆ ಮ್ಯಾಫ್ ಕೇಳಿದ್ರೆ, ಆ ಸಾಲಲ್ಲಿ 130 ಆರ್‌ಪಿಎಂ ಸುಳ್ಳು ಸೇರ್ಕೊಂಡಾಯ್ತು. ಒಂದೇ ಸ್ಪೀಡಲ್ಲಿ ಸಾಗೋವಾಗ ಇದ್ರಿಂದ ಏನೂ ಆಗಲ್ಲ, ಎಳೆಯೋವಾಗ ಆಗತ್ತೆ. ಅದಕ್ಕೇ ಓಬಿಡಿ ಲಾಗ್ ಐಡಲ್‌ಗೆ ಮತ್ತೆ ಕ್ರೂಸಿಂಗ್‌ಗೆ ಚೆನ್ನ, ಫುಲ್ ಥ್ರಾಟಲ್‌ಗೆ ನಾನು ನಂಬಲ್ಲ.

ಎರಡನೇ ದಾರಿ, ನಿಮ್ಮ ಗಾಡಿಯ ಈಸಿಯುಗೆ ಅಂತಾನೇ ಇರೋ ಟ್ಯೂನಿಂಗ್ ಸಾಫ್ಟ್‌ವೇರ್. ಇದು ಕಂಪನಿಯ ಒಳ ವಿಳಾಸಗಳನ್ನೇ ಓದೋದ್ರಿಂದ ಮ್ಯಾಫ್ ವೋಲ್ಟೇಜೇ ನೇರ ಸಿಗತ್ತೆ, ವೇಗಾನೂ ಜಾಸ್ತಿ. ಇದು ಸಿಗೋ ಗಾಡಿಯಾದ್ರೆ ಬೇರೆ ಯೋಚ್ನೆ ಬೇಡ.

ಮೂರನೇದು ಸೆನ್ಸರ್ ವೈರ್‌ಗೇ ಟ್ಯಾಪ್ ಹಾಕಿ ಡೇಟಾ ಲಾಗರ್‌ಗೆ ಕೊಡೋದು. ನಂಗೆ ಇದು ಇಷ್ಟ, ಆದ್ರೆ ಎಚ್ಚರಿಕೆ ಬೇಕು. ವೈರಿಂಗ್ ಡಯಾಗ್ರಾಂ ನೋಡಿ ಸಿಗ್ನಲ್ ವೈರ್ ಯಾವ್ದು ಅಂತ ಖಚಿತ ಮಾಡ್ಕೊಳಿ, ಮ್ಯಾಫ್ ಕನೆಕ್ಟರ್‌ನಲ್ಲಿ 12 ವೋಲ್ಟ್ ವೈರೂ ಇರತ್ತೆ, ಅದು ಲಾಗರ್‌ಗೆ ಹೋದ್ರೆ ಹೊಗೆ. ಗ್ರೌಂಡ್ ಬಾಡಿಗೆ ಕೊಡ್ಬೇಡಿ, ಸೆನ್ಸರ್ ಗ್ರೌಂಡ್‌ಗೇ ಕೊಡಿ, ಇಲ್ಲಾಂದ್ರೆ ಫ್ಯಾನ್ ಆನ್ ಆದಾಗೆಲ್ಲ ವೋಲ್ಟೇಜ್ ಕುಣಿಯತ್ತೆ. 10 ಬಿಟ್ ಆರ್ಡುಯಿನೋದಲ್ಲಿ ಮಾಡೋರಿಗೆ ಒಂದು ಮೆಟ್ಟಿಲು ಅಂದ್ರೆ ಸುಮಾರು 4.9 ಮಿಲಿವೋಲ್ಟ್, ಕೆಳಗೆ ಇದು ಏನೂ ಅಲ್ಲ, ಆದ್ರೆ ಮ್ಯಾಫ್ ಕರ್ವ್ ಮೇಲೆ ಹೋದ ಹಾಗೆ ಕಡಿದಾಗತ್ತೆ, ಹೆಚ್ಚು ಕಮ್ಮಿ ವೋಲ್ಟೇಜಿನ ನಾಲ್ಕನೇ ಘಾತದ ಥರ ಏರತ್ತೆ, ಅಲ್ಲಿ ಚಿಕ್ಕ ವೋಲ್ಟೇಜ್ ವ್ಯತ್ಯಾಸಕ್ಕೂ ದೊಡ್ಡ ಗ್ರಾಂ ವ್ಯತ್ಯಾಸ.

ಚಾನೆಲ್ ಎಷ್ಟು ಬೇಕು? ಆರ್‌ಪಿಎಂ, ಮ್ಯಾಫ್, ಶಾರ್ಟ್ ಟ್ರಿಮ್ (ಆ ಕ್ಷಣದ ತಿದ್ದುಪಡಿ), ಲಾಂಗ್ ಟ್ರಿಮ್ (ಈಸಿಯು ಕಲಿತು ನೆನಪಿಟ್ಕೊಂಡ ತಿದ್ದುಪಡಿ), ಥ್ರಾಟಲ್. ಅಷ್ಟೇ. ಲಾಗ್ ಸ್ಪೀಡ್ ಸಾಲತ್ತೆ ಅಂದ್ರೆ ಫ್ಯೂಯಲ್ ಸಿಸ್ಟಮ್ ಸ್ಟೇಟಸ್ ಸೇರಿಸಿ, ಅದು 2 ಅಂದ್ರೆ ಕ್ಲೋಸ್ಡ್ ಲೂಪ್ (ಆಕ್ಸಿಜನ್ ಸೆನ್ಸರ್ ಮಾತು ಕೇಳಿ ಪೆಟ್ರೋಲ್ ತಿದ್ತಿದೆ), 4 ಅಂದ್ರೆ ಲೋಡ್‌ಗೋ ಕಾಲು ಬಿಟ್ಟಿದ್ದಕ್ಕೋ ಓಪನ್ ಲೂಪ್‌ಗೆ (ಆ ಮಾತು ಕೇಳ್ತಿಲ್ಲ) ಹೋಗಿದೆ ಅಂತ. ಕೂಲೆಂಟ್ ಬಿಸಿ, ಒಳಗೆ ಬರೋ ಗಾಳಿಯ ಬಿಸಿ ಎರಡೂ ನಿಧಾನಕ್ಕೆ ಬದಲಾಗೋವು, ಅವನ್ನ ಲಾಗ್ ಶುರುವಲ್ಲಿ ಒಂದು ಸಲ ಕೊನೇಲಿ ಒಂದು ಸಲ ನೋಡಿ ಬರ್ಕೊಂಡ್ರೆ ಸಾಕು. ಬ್ಯಾಟರಿ ವೋಲ್ಟೇಜ್, ಗಾಡಿ ಸ್ಪೀಡ್, ಇನ್ನೂ ಏನೇನೋ ಹಾಕಿದಷ್ಟೂ ಬೇಕಾದ ಚಾನೆಲ್ ನಿಧಾನ ಆಗತ್ತೆ.

ನಿಂತಲ್ಲೇ ಪರೀಕ್ಷೆ

ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡ್ದೆ ಮ್ಯಾಫ್ ಓದಿ. ಸೊನ್ನೆ ಹತ್ರ ಇರ್ಬೇಕು. ಆಮೇಲೆ ಸ್ಟಾರ್ಟ್ ಮಾಡಿ ಚೆನ್ನಾಗಿ ಬಿಸಿ ಆಗೋಕೆ ಬಿಡಿ, ಎಸಿ ಆಫ್. ಬಿಸಿ ಎಂಜಿನ್ ಐಡಲ್‌ನಲ್ಲಿ ಒಂದು ಲೀಟರ್ ಎಂಜಿನ್ನಿಗೆ ಸುಮಾರು ಒಂದು ಗ್ರಾಂ ಪರ್ ಸೆಕೆಂಡ್ ಅನ್ನೋದು ಮೆಕ್ಯಾನಿಕ್‌ಗಳ ಕೈಲೆಕ್ಕ, 2 ಲೀಟರ್‌ಗೆ 2ರಿಂದ 3 ಬಂದ್ರೆ ನೆಮ್ಮದಿ, 6 ಬಂದ್ರೆ ಏನೋ ಎಡವಟ್ಟು. ಎಂಜಿನ್ ಓಡ್ತಿರೋವಾಗ್ಲೇ ಕನೆಕ್ಟರ್ ಹತ್ರ ವೈರ್‌ನ ಮೆಲ್ಲಗೆ ಅಲ್ಲಾಡಿಸಿ, ಸೆನ್ಸರ್ ಮೇಲೆ ಸ್ಕ್ರೂಡ್ರೈವರ್ ಹಿಡಿಯಲ್ಲಿ ಹಗುರಕ್ಕೆ ತಟ್ಟಿ, ರೀಡಿಂಗ್ ಜಿಗಿದ್ರೆ ಮೊದಲು ಅದನ್ನ ಸರಿ ಮಾಡಿ.

ಪೂರ್ತಿ ತುಳಿದಾಗ ಎಷ್ಟು ಬರ್ಬೇಕು ಅನ್ನೋ ಲೆಕ್ಕಾನೂ ಒಂದು ಸಲ ಹಾಕ್ಕೊಳಿ. 2 ಲೀಟರ್ ಎಂಜಿನ್ 6000 ಆರ್‌ಪಿಎಂನಲ್ಲಿ ಎರಡು ಸುತ್ತಿಗೊಂದು ಸಲ 2 ಲೀಟರ್ ಉಸಿರು ಎಳೆಯತ್ತೆ, ಅಂದ್ರೆ ಸೆಕೆಂಡಿಗೆ 100 ಲೀಟರ್, 20 ಡಿಗ್ರಿಲಿ ಒಂದು ಲೀಟರ್ ಗಾಳಿ ಸುಮಾರು 1.2 ಗ್ರಾಂ, ಅಲ್ಲಿಗೆ 120 ಗ್ರಾಂ. ಅದು ಸಿಲಿಂಡರ್ ಪೂರ್ತಿ ತುಂಬಿದ್ರೆ. ಟರ್ಬೋ ಇಲ್ಲದ ಸಾಧಾರಣ ಎಂಜಿನ್ 85 ಪರ್ಸೆಂಟ್ ತುಂಬಿದ್ರೆ 102. ನಿಮ್ಮ ಲಾಗ್‌ನಲ್ಲಿ 70 ಅಂತ ಬಂದ್ರೆ ಸೆನ್ಸರ್ ಕಮ್ಮಿ ಹೇಳ್ತಿದೆ ಇಲ್ಲಾ ಎಲ್ಲೋ ಗಾಳಿ ಕಟ್ಟಿದೆ, 150 ಅಂತ ಬಂದ್ರೆ ಟೇಬಲ್ ಕನಸು ಕಾಣ್ತಿದೆ.

ಓಡಿಸೋದು

ಲ್ಯಾಪ್‌ಟಾಪ್ ನೋಡೋರು ಬೇರೆ, ಓಡ್ಸೋರು ಬೇರೆ. ಒಬ್ರೇ ಇದ್ರೆ ರೆಕಾರ್ಡ್ ಒತ್ತಿ ಸ್ಕ್ರೀನ್ ಮುಚ್ಚಿಟ್ಟು ಓಡಿಸಿ, ಮನೇಲಿ ನೋಡಿದ್ರಾಯ್ತು. ಹೊರಡೋ ಮುಂಚೆ ಈಸಿಯುನಲ್ಲಿರೋ ಮೂಲ ಫೈಲ್ ಎರಡು ಕಡೆ ಸೇವ್ ಮಾಡಿಡಿ, ಟೇಬಲ್ ಮೊದಲೇ ತಿದ್ದಿದ್ರೆ ಹಳೇ ಲಾಂಗ್ ಟ್ರಿಮ್ ಅಳಿಸಿ ಹೊಸದಾಗಿ ಕಲಿಯೋಕೆ ಸ್ವಲ್ಪ ಓಡಿಸಿ. ಆಮೇಲೆ ಒಂದೇ ಗೇರಲ್ಲಿ 1500, 2000, 2500, 3000 ಹೀಗೆ ಒಂದೊಂದರಲ್ಲೂ ಇಪ್ಪತ್ತು ಮೂವತ್ತು ಸೆಕೆಂಡ್ ಕಾಲು ಅಲ್ಲಾಡಿಸ್ದೆ ಸಾಗಿ. ಸ್ವಲ್ಪ ಏರಿನಲ್ಲಿ ಅದನ್ನೇ ಮತ್ತೊಂದು ಸಲ, ಅದೇ ಆರ್‌ಪಿಎಂನಲ್ಲಿ ಗಾಳಿ ಜಾಸ್ತಿ ಹೋಗತ್ತೆ, ಟೇಬಲ್‌ನ ಬೇರೆ ಜಾಗ ತುಂಬತ್ತೆ. ಬೋರು ಹೊಡೆಯತ್ತೆ, ಗೊತ್ತು. ಬೋರಾಗದೇ ಇರೋ ಲಾಗ್‌ನಿಂದ ನಂಗೆ ಇದುವರೆಗೂ ಉಪಯೋಗ ಆಗಿಲ್ಲ.

ಬಂದ ಫೈಲ್‌ನಲ್ಲಿ ಒಂದು ತುಂಡು ಹೀಗಿರತ್ತೆ ಅನ್ಕೊಳಿ, ಸಮಯ, ಆರ್‌ಪಿಎಂ, ಗ್ರಾಂ, ಶಾರ್ಟ್, ಲಾಂಗ್ ಈ ಕ್ರಮದಲ್ಲಿ:

412.1 | 2478 | 15.1 | +3.1 | +6.3
412.5 | 2481 | 15.2 | +2.3 | +6.3
412.9 | 2484 | 15.2 | +3.9 | +6.3
413.3 | 2452 | 6.4 | 0.0 | +6.3

ಮೊದಲ ಮೂರು ಸಾಲು ಬಂಗಾರ. ನಾಲ್ಕನೇದು ನೋಡಿ, ಆರ್‌ಪಿಎಂ ಹೆಚ್ಚು ಬಿದ್ದಿಲ್ಲ ಆದ್ರೆ ಗಾಳಿ ಅರ್ಧಕ್ಕಿಂತ ಕೆಳಗೆ, ಶಾರ್ಟ್ ಟ್ರಿಮ್ ಸೊನ್ನೆಗೆ ಬಂದು ನಿಂತಿದೆ, ಅಂದ್ರೆ ನಾನು ಕಾಲು ಎತ್ತಿದೆ, ಈಸಿಯು ಪೆಟ್ರೋಲ್ ಕಟ್ ಮಾಡ್ತು. ಈ ಸಾಲು ಮತ್ತೆ ಇದ್ರ ನಂತರದ ಒಂದೆರಡು ಸೆಕೆಂಡ್ ಡಿಲೀಟ್. ಕೂಲೆಂಟ್ 80 ಡಿಗ್ರಿಗಿಂತ ಕಮ್ಮಿ ಇದ್ದಾಗಿನ ಸಾಲು ಡಿಲೀಟ್. ಥ್ರಾಟಲ್ ಒಂದೆರಡು ಪರ್ಸೆಂಟ್‌ಗಿಂತ ಜಾಸ್ತಿ ಅಲ್ಲಾಡಿದ ಸಾಲು ಡಿಲೀಟ್. ಸಿಗ್ನಲ್‌ನಲ್ಲಿ ತುಂಬಾ ಹೊತ್ತು ನಿಂತು ಬಾನೆಟ್ ಒಳಗೆಲ್ಲ ಕಾದು ಹೋಗಿ, ಒಳಗೆ ಬರೋ ಗಾಳಿ ಹೊರಗಿನದಕ್ಕಿಂತ ವಿಪರೀತ ಬಿಸಿ ತೋರಿಸ್ತಿದ್ರೆ ಅದೂ ಡಿಲೀಟ್. ಅರ್ಧಕ್ಕರ್ಧ ಫೈಲ್ ಹೋದ್ರೂ ಅಳ್ಬೇಡಿ. ಅಂದ ಹಾಗೆ ಟ್ರಿಮ್ ಸಂಖ್ಯೆಗಳು 2.3, 3.1, 3.9 ಅಂತ ಜಿಗಿಯೋದು ಯಾಕಂದ್ರೆ ಓಬಿಡಿಲಿ ಒಂದು ಮೆಟ್ಟಿಲು ಅಂದ್ರೆ 0.78 ಪರ್ಸೆಂಟ್, ಅದಕ್ಕಿಂತ ಸಣ್ಣ ತಿದ್ದುಪಡಿಗೆ ತಲೆ ಕೆಡಿಸ್ಕೊಳೋದ್ರಲ್ಲಿ ಅರ್ಥ ಇಲ್ಲ.

ಉಳಿದ ಸಾಲಲ್ಲಿ ಎರಡೂ ಟ್ರಿಮ್ ಕೂಡಿಸಿ. 9.4, 8.6, 10.2, ಸರಾಸರಿ 9.4. ಅಂದ್ರೆ ಟೇಬಲ್ 15.2 ಅಂತ ಹೇಳೋ ಕಡೆ ನಿಜವಾಗ್ಲೂ 9.4 ಪರ್ಸೆಂಟ್ ಜಾಸ್ತಿ ಗಾಳಿ ಹೋಗ್ತಿದೆ, ಹೊಸ ಸಂಖ್ಯೆ 16.6. ವೋಲ್ಟೇಜ್ ಚಾನೆಲ್ ಸಿಗದೇ ಇರೋರು ಗಾಬರಿ ಆಗ್ಬೇಡಿ, ಟೇಬಲ್‌ನಲ್ಲಿ 15.2 ಯಾವ ಎರಡು ಮನೆಗಳ ಮಧ್ಯ ಬರತ್ತೆ ಅಂತ ಹಿಂದಿನಿಂದ ಹುಡುಕಿದ್ರೆ ವೋಲ್ಟೇಜ್ ತಾನಾಗೇ ಸಿಗತ್ತೆ. ಹೀಗೆ ಪ್ರತಿ ವೋಲ್ಟೇಜ್ ಮನೆಗೂ ಸರಾಸರಿ ತೆಗೀರಿ, ಒಂದು ಮನೇಲಿ ಮೂವತ್ತು ಸಾಲೂ ಇಲ್ಲ ಅಂದ್ರೆ ಅದನ್ನ ನಂಬ್ಬೇಡಿ, ಅಕ್ಕಪಕ್ಕದ್ದು ನೋಡಿ ಹೊಂದಿಸಿ. ಮೂವತ್ತು ಅನ್ನೋದು ನನ್ನ ಅಭ್ಯಾಸ, ಎಲ್ಲೂ ಬರೆದಿಟ್ಟ ನಿಯಮ ಅಲ್ಲ. ಕೊನೇಲಿ ಗ್ರಾಫ್ ಹಾಕಿ ನೋಡಿ, ಕರ್ವ್ ನುಣ್ಣಗೆ ಏರ್ತಾ ಹೋಗ್ಬೇಕು. ಮಧ್ಯ ಒಂದು ಗೂನು ಬಂತು ಅಂದ್ರೆ ಅದು ಲಾಗ್‌ನ ತಪ್ಪು, ಗಾಳಿಗೆ ಗೂನು ಗೊತ್ತಿಲ್ಲ. ಐಡಲ್ ಹತ್ರ ಮಾತ್ರ ಸ್ವಲ್ಪ ಒರಟು ಬರಬಹುದು, ಅಲ್ಲಿ ಗಾಳಿ ಹಿಂದೆ ಮುಂದೆ ಮಿಡಿಯೋದ್ರಿಂದ ಬಿಸಿ ತಂತಿಗೆ ಗೊಂದಲ.

ಒಂದೇ ಸಲಕ್ಕೆ ಪೂರ್ತಿ ತಿದ್ದುಪಡಿ ಹಾಕ್ಬೇಡಿ, ಮುಕ್ಕಾಲು ಪಾಲು ಹಾಕಿ ಮತ್ತೆ ಲಾಗ್ ತೆಗೀರಿ.

ಫುಲ್ ಥ್ರಾಟಲ್ ವಿಷಯ

ಇಲ್ಲಿ ಟ್ರಿಮ್ ನೋಡಿ ಕೆಲಸ ಆಗಲ್ಲ. ಪೂರ್ತಿ ತುಳಿದಾಗ ಈಸಿಯು ಓಪನ್ ಲೂಪ್‌ಗೆ ಹೋಗಿ ಮಾಮೂಲಿ ಆಕ್ಸಿಜನ್ ಸೆನ್ಸರ್‌ನ ಮಾತು ಕೇಳೋದು ನಿಲ್ಸತ್ತೆ, ಆ ಸೆನ್ಸರ್‌ಗೂ ರಿಚ್ ಇದೆ ಅಂತ ಮಾತ್ರ ಗೊತ್ತು, ಎಷ್ಟು ಅಂತ ಗೊತ್ತಿಲ್ಲ. ಎಷ್ಟು ರಿಚ್, ಎಷ್ಟು ಲೀನ್ ಅಂತ ಅಳೆದು ಹೇಳೋ ವೈಡ್‌ಬ್ಯಾಂಡ್ ಸೆನ್ಸರ್ ಬೇಕೇ ಬೇಕು. ಅದಿಲ್ದೆ ಮೇಲಿನ ಭಾಗ ತಿದ್ದೋದು ಕಣ್ಣು ಕಟ್ಕೊಂಡು ಗಾಡಿ ಓಡಿಸಿದ ಹಾಗೆ. ಜಾಗ ಡೈನೋ (ಗಾಡಿ ನಿಂತಲ್ಲೇ ಚಕ್ರ ಓಡಿಸಿ ಅಳೆಯೋ ಯಂತ್ರ) ಇಲ್ಲಾ ಮುಚ್ಚಿದ ಟ್ರ್ಯಾಕ್, ಜನ ಓಡಾಡೋ ರಸ್ತೇಲಿ ಬೇಡ.

ಲೆಕ್ಕ ಸುಲಭ. ಅಳೆದ ಲ್ಯಾಂಬ್ಡಾನ ಈಸಿಯು ಬಯಸಿದ ಲ್ಯಾಂಬ್ಡಾದಿಂದ ಭಾಗಿಸಿ. ಬಯಸಿದ್ದು 0.88, ಬಂದಿದ್ದು 0.93 ಅಂದ್ರೆ 1.057, ಆ ಮನೆಗೆ 5.7 ಪರ್ಸೆಂಟ್ ಸೇರಿಸಿ. ಕೆಲವು ಈಸಿಯು ಫುಲ್ ಥ್ರಾಟಲ್‌ನಲ್ಲೂ ಲಾಂಗ್ ಟ್ರಿಮ್ ಇಟ್ಕೊಂಡೇ ಇರ್ತವೆ, ನಿಮ್ಮ ಸಾಲಲ್ಲಿ ಲಾಂಗ್ +4 ಅಂತ ಕಂಡ್ರೆ 1.057ನ ಇನ್ನೊಮ್ಮೆ 1.04ರಿಂದ ಗುಣಿಸ್ಬೇಕು, ಇದನ್ನ ಮರೆತು ಲೀನ್ ಮಾಡ್ಕೊಂಡೋರು ಇದ್ದಾರೆ. ವೈಡ್‌ಬ್ಯಾಂಡ್ ರೀಡಿಂಗ್ ತಡವಾಗಿ ಬರತ್ತೆ, ಉರಿದ ಗ್ಯಾಸ್ ಪೈಪಲ್ಲಿ ಹರಿದು ಸೆನ್ಸರ್ ತಲುಪಬೇಕಲ್ಲ. ನಿಮ್ಮ ಗಾಡಿಲಿ ಎಷ್ಟು ತಡ ಅಂತ ನೋಡೋಕೆ ಲಾಗ್ ಆನ್ ಇಟ್ಟು, ಸ್ವಲ್ಪ ಸ್ಪೀಡಲ್ಲಿರೋವಾಗ ಪೂರ್ತಿ ಕಾಲು ಎತ್ತಿ. ಪೆಟ್ರೋಲ್ ಕಟ್ ಆಗಿ ಲ್ಯಾಂಬ್ಡಾ ಮೇಲಕ್ಕೆ ಹಾರತ್ತೆ, ಇಂಜೆಕ್ಟರ್ ನಿಂತಿದ್ದಕ್ಕೂ ಅದು ಹಾರಿದ್ದಕ್ಕೂ ಮಧ್ಯ ಎಷ್ಟು ಸಾಲು ಇದೆ ಎಣಿಸಿ, ವೈಡ್‌ಬ್ಯಾಂಡ್ ಕಾಲಮ್‌ನ ಅಷ್ಟು ಸಾಲು ಮೇಲೆ ಸರಿಸಿ. ಆರ್‌ಪಿಎಂ ಏರಿದ ಹಾಗೆ ಈ ತಡ ಕಮ್ಮಿ ಆಗತ್ತೆ, ಆದ್ರೂ ಸರಿಸ್ದೇ ಇರೋದಕ್ಕಿಂತ ಇದು ಎಷ್ಟೋ ವಾಸಿ.

ಎಳೀತಿರೋವಾಗ ಮ್ಯಾಫ್ ವೋಲ್ಟೇಜ್ 5ರ ಹತ್ರ ಹೋಗಿ ಚಪ್ಪಟೆ ಗೆರೆ ಆಗಿ ನಿಂತ್ರೆ, ಆರ್‌ಪಿಎಂ ಏರ್ತಾನೇ ಇದ್ರೂ ಅದು ಅಲ್ಲಾಡ್ದೇ ಇದ್ರೆ, ಅಲ್ಲಿಗೇ ಕಾಲು ತೆಗೀರಿ. ಸೆನ್ಸರ್ ಅಳತೆ ಮುಗೀತು, ಅದ್ರಾಚೆ ಎಷ್ಟೇ ಗಾಳಿ ಬಂದ್ರೂ ಈಸಿಯುಗೆ ಕಾಣಲ್ಲ, ಪೆಟ್ರೋಲ್ ಹಾಕಲ್ಲ. ಅದಕ್ಕೆ ಟೇಬಲ್‌ನಲ್ಲಿ ಮದ್ದಿಲ್ಲ, ದಪ್ಪ ಪೈಪೋ ದೊಡ್ಡ ಸೆನ್ಸರೋ ಹಾಕಿ ಮೊದಲಿಂದ ಶುರು ಮಾಡ್ಬೇಕು.

ಎರಡು ಮೂರು ಸುತ್ತು ಆದ್ಮೇಲೆ ಕ್ರೂಸಿಂಗ್‌ನಲ್ಲಿ ಒಟ್ಟು ಟ್ರಿಮ್ ಪ್ಲಸ್ ಮೈನಸ್ 3ರೊಳಗೆ ಬಂದ್ರೆ ನಾನು ಲ್ಯಾಪ್‌ಟಾಪ್ ಮುಚ್ಚಿಬಿಡ್ತೀನಿ. ಸೊನ್ನೆ ಬರ್ಲೇಬೇಕು ಅಂತ ಹಿಂದೆ ಬಿದ್ರೆ ಬೆಳಿಗ್ಗೆ ಸರಿ ಇದ್ದಿದ್ದು ಮಧ್ಯಾಹ್ನದ ಬಿಸಿಲಿಗೆ ಮತ್ತೆ 2 ಆಚೀಚೆ ಹೋಗಿರತ್ತೆ. ಕೊನೇ ಲಾಗ್ ಫೈಲ್‌ನ ತಾರೀಕು ಹಾಕಿ, ಯಾವ ಫಿಲ್ಟರ್, ಯಾವ ಪೆಟ್ರೋಲ್, ಅವತ್ತು ಎಷ್ಟು ಬಿಸಿ ಇತ್ತು ಅಂತ ಹೆಸರಲ್ಲೇ ಬರೆದು ಇಟ್ಕೊಳಿ. ಆರು ತಿಂಗಳು ಬಿಟ್ಟು ಅದೇ ರಸ್ತೇಲಿ ಅದೇ ಗೇರಲ್ಲಿ ಇನ್ನೊಂದು ಲಾಗ್ ತೆಗೆದು ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ, ಲೋಡ್‌ನಲ್ಲಿ ಟ್ರಿಮ್ ಮೆಲ್ಲಗೆ ಪ್ಲಸ್ ಕಡೆ ಸರೀತಿದ್ರೆ ಕ್ಲೀನರ್ ಸ್ಪ್ರೇ ಹುಡುಕೋ ಟೈಮ್ ಬಂತು ಅಂತ.